ಧ್ಯಾನಕ್ಕೆ ಕೂತರೆ ಮನಸ್ಸು ಓಡುತ್ತದೆಯೇ? ಎಲ್ಲಿ ಕೆಟ್ಟಿದೆ ಎಂದು ಹುಡುಕುವ ಬಗೆ

ಉಸಿರನ್ನು ಒಂದರಿಂದ ಹತ್ತರವರೆಗೆ ಎಣಿಸಬೇಕು. ಹತ್ತಾದ ಮೇಲೆ ಮತ್ತೆ ಒಂದು. ಕೆಲಸ ಇಷ್ಟೇ. ಧ್ಯಾನ ಶುರು ಮಾಡಿದ ಮೊದಲ ವಾರ ಒಂದು ದಿನ ಹೀಗೇ ಎಣಿಸುತ್ತಾ ಕೂತಿದ್ದೆ. ಯಾವುದೋ ಹೊತ್ತಿನಲ್ಲಿ ಎಚ್ಚರವಾಗಿ ನೋಡಿದರೆ ಎಣಿಕೆ ಹದಿನೇಳಕ್ಕೆ ಬಂದಿತ್ತು. ಹತ್ತು ಯಾವಾಗ ದಾಟಿತೋ ಗೊತ್ತಿಲ್ಲ. ಒಳಗೆ ಅಂಕಿ ತನ್ನ ಪಾಡಿಗೆ ತಾನು ಓಡುತ್ತಿತ್ತು. ನಾನು ಹಿಂದಿನ ದಿನದ ಒಂದು ವಾದಕ್ಕೆ ಚೆನ್ನಾದ ಉತ್ತರ ಹುಡುಕುತ್ತಿದ್ದೆ. ಬೇಜಾರಾಗಿ ಎದ್ದುಬಿಟ್ಟೆ. ಇದು ನಮ್ಮಂಥವರಿಗೆ ಆಗಿಬರುವುದಲ್ಲ ಎಂಬ ತೀರ್ಮಾನವೂ ಆಗಿಹೋಯಿತು.

ಆವತ್ತು ಎದ್ದದ್ದೇ ತಪ್ಪು ಎಂದು ತಿಳಿಯಲು ಬಹಳ ದಿನ ಹಿಡಿಯಿತು. ಹದಿನೇಳು ಅಂತ ಗೊತ್ತಾಯಿತಲ್ಲ, ಆ ಹತ್ತು ನಿಮಿಷದಲ್ಲಿ ಸರಿಯಾಗಿ ನಡೆದ ಕೆಲಸ ಅದೊಂದೇ. ಮನಸ್ಸು ಕೆಟ್ಟಿದೆ ಅಂದುಕೊಂಡು ಅದನ್ನೇ ತಿದ್ದಲು ಹೋಗುತ್ತಿದ್ದೆ. ನಿಜಕ್ಕೂ ಕೆಟ್ಟಿದ್ದದ್ದು ಕೂತ ಜಾಗ, ಕೂತ ಹೊತ್ತು, ಹಿಂದಿನ ರಾತ್ರಿಯ ನಿದ್ದೆ.

ರಿಪೇರಿ ಮಾಡುವವರು ಬಂದ ಕೂಡಲೇ ಸ್ಕ್ರೂ ಬಿಚ್ಚುವುದಿಲ್ಲ. ಕರೆಂಟ್ ಇದೆಯಾ, ಪ್ಲಗ್ ಸರಿಯಾಗಿ ಕೂತಿದೆಯಾ ಎಂದು ಮೊದಲು ನೋಡುತ್ತಾರೆ. ಇಲ್ಲಿಯೂ ಅದೇ ಕ್ರಮ: ಮೊದಲು ಮೈ, ಆಮೇಲೆ ನಿದ್ದೆ, ಆಮೇಲೆ ಸುತ್ತಲಿನ ಸದ್ದುಗದ್ದಲ. ಮನಸ್ಸಿಗೆ ಕೈ ಹಾಕುವುದು ಎಲ್ಲಕ್ಕಿಂತ ಕೊನೆಗೆ.

ಮೊದಲು ನೋಡಿ: ಇದು ದೋಷವೇ ಹೌದಾ?

ಮನಸ್ಸು ಓಡುವುದು ಅದರ ಮಾಮೂಲಿ ಕೆಲಸ. 2010ರಲ್ಲಿ ಹಾರ್ವರ್ಡ್‌ನ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2,250 ಮಂದಿಯ ಮೊಬೈಲಿಗೆ ಹೊತ್ತಲ್ಲದ ಹೊತ್ತಿನಲ್ಲಿ ಪ್ರಶ್ನೆ ಕಳಿಸಿ, ಈಗ ಮಾಡುತ್ತಿರುವ ಕೆಲಸದ ಮೇಲೆಯೇ ಗಮನ ಇದೆಯಾ ಎಂದು ಕೇಳಿದರು. ಶೇಕಡಾ 46.9ರಷ್ಟು ಸಲ ಸಿಕ್ಕ ಉತ್ತರ, ಮನಸ್ಸು ಬೇರೆಲ್ಲೋ ಇದೆ ಅಂತ. ಇವರನ್ನು ಧ್ಯಾನಕ್ಕೆಂದು ಕೂರಿಸಿರಲಿಲ್ಲ, ತಮ್ಮ ದಿನನಿತ್ಯದ ಕೆಲಸದಲ್ಲಿದ್ದವರು. ಹಾಗಿರುವಾಗ ಕಣ್ಣು ಮುಚ್ಚಿದ ತಕ್ಷಣ ಇದೆಲ್ಲ ನಿಂತುಹೋಗಬೇಕು ಅಂದರೆ ಹೇಗೆ?

ಈ ದೂರು ಹೊಸದೂ ಅಲ್ಲ. ಗೀತೆಯ ಆರನೇ ಅಧ್ಯಾಯದಲ್ಲಿ ಅರ್ಜುನ ಇದನ್ನೇ ಹೇಳುತ್ತಾನೆ: ಮನಸ್ಸು ಚಂಚಲ, ಅದನ್ನು ಹಿಡಿಯುವುದು ಗಾಳಿಯನ್ನು ಹಿಡಿದ ಹಾಗೆ. ಹಿಡಿಯುವುದು ಕಷ್ಟ ಎಂದು ಕೃಷ್ಣನೂ ಒಪ್ಪಿಕೊಳ್ಳುತ್ತಾನೆ. ನೀನು ಸರಿಯಾಗಿ ಕೂತಿಲ್ಲ ಎಂದು ಗದರುವುದಿಲ್ಲ. ಅಭ್ಯಾಸ ಮಾಡು, ವೈರಾಗ್ಯ ಬೆಳೆಸಿಕೋ ಅನ್ನುತ್ತಾನೆ.

ಪಳಗಿದವರ ಕಥೆ ಏನು ಅಂತೀರಾ? 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವೆಂಡಿ ಹಾಸೆನ್‌ಕ್ಯಾಂಪ್ ಮತ್ತು ಜೊತೆಗಾರರು ಧ್ಯಾನ ರೂಢಿ ಇರುವ 14 ಜನರನ್ನು ಮೆದುಳಿನ ಸ್ಕ್ಯಾನರ್‌ನಲ್ಲಿ ಮಲಗಿಸಿ ಉಸಿರಿನ ಮೇಲೆ ಗಮನ ಇಡಲು ಹೇಳಿದರು. ಮನಸ್ಸು ಓಡಿದ್ದು ಗೊತ್ತಾದಾಗ ಒಂದು ಬಟನ್ ಒತ್ತಬೇಕಿತ್ತು. ಅವರೂ ಒತ್ತಿದರು. ಒಂದು ಸುತ್ತಿನಲ್ಲಿ ನಾಲ್ಕು ಹಂತ ಇವೆ: ಗಮನ ನಿಲ್ಲುತ್ತದೆ, ಓಡುತ್ತದೆ, ಓಡಿದ್ದು ಗೊತ್ತಾಗುತ್ತದೆ, ವಾಪಸ್ ಬರುತ್ತದೆ. ಧ್ಯಾನ ಅಂದರೆ ಈ ಇಡೀ ಸುತ್ತು. ಹೊಸಬರು ಮೊದಲನೇ ಹಂತವನ್ನು ಮಾತ್ರ ಧ್ಯಾನ ಅಂದುಕೊಂಡು, ಉಳಿದ ಮೂರನ್ನೂ ತಪ್ಪಿನ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ.

ಅಂದಮೇಲೆ ಹತ್ತು ನಿಮಿಷದಲ್ಲಿ ಮೂವತ್ತು ಸಲ ಓಡಿ ಮೂವತ್ತು ಸಲ ವಾಪಸ್ ಬಂದರೆ ಎಲ್ಲೂ ದೋಷ ಇಲ್ಲ. ಈ ಕೈಪಿಡಿಯನ್ನು ಇಲ್ಲಿಗೇ ಮುಚ್ಚಿ, ನಾಳೆಯೂ ಹಾಗೇ ಕೂತುಕೊಳ್ಳಿ. ದೋಷ ಅನ್ನಬೇಕಾದದ್ದು ಇಂಥವನ್ನು: ಇಡೀ ಹೊತ್ತು ಒಂದು ಸಲವೂ ವಾಪಸ್ ಬಾರದೆ ಇರುವುದು, ದಿನಾ ತೂಕಡಿಸುವುದು, ಎರಡು ನಿಮಿಷಕ್ಕೇ ಎದ್ದು ಓಡಬೇಕು ಅನ್ನಿಸುವುದು, ಎದ್ದ ಮೇಲೆ ತಲೆ ಬಿಗಿದುಕೊಂಡಿರುವುದು, ನಾಲ್ಕು ದಿನ ಮಾಡಿ ಬಿಟ್ಟುಬಿಡುವುದು.

ಒಂದು ವಾರ ಬರೀ ಗುರುತು ಹಾಕಿ

ಏನನ್ನೂ ಬದಲಿಸುವ ಮೊದಲು ಒಂದು ಚಿಕ್ಕ ಪುಸ್ತಕ ಇಟ್ಟುಕೊಳ್ಳಿ. ಕೂತು ಎದ್ದ ಮೇಲೆ ಒಂದೇ ಸಾಲು: ಇವತ್ತು ಜಾಸ್ತಿ ಎಳೆದದ್ದು ಯಾವುದು? ಒಂದೆರಡು ಪದ ಸಾಕು. ಕಾಲು, ನಿದ್ದೆ, ಸದ್ದು, ಕೆಲಸ, ಮಾತು, ಗಡಿಯಾರ. ಕೂತಿರುವಾಗಲೇ ಪದ ಹುಡುಕಬೇಡಿ, ಎದ್ದ ಮೇಲೆ ಬರೆಯಿರಿ. ಕೂತಿರುವಾಗ ಹುಡುಕಲು ಹೋದರೆ ಆ ಪುಸ್ತಕವೇ ಹೊಸ ಅಡ್ಡಿಯಾಗುತ್ತದೆ.

ನನ್ನ ಮೊದಲ ವಾರದ ಸಾಲುಗಳು ಹೀಗಿದ್ದವು: ಕಾಲು. ಕಾಲು, ಕೆಲಸ. ನಿದ್ದೆ. ಕಾಲು. ಮಾತು. ನಿದ್ದೆ. ಕಾಲು. ಏಳರಲ್ಲಿ ನಾಲ್ಕು ದಿನ ಕಾಲು, ಎರಡು ದಿನ ನಿದ್ದೆ! ಇಷ್ಟು ದಿನ ಮನಸ್ಸನ್ನು ಬೈದದ್ದು ಸುಮ್ನೆ ಆಯಿತು ಅಂತ ಆವತ್ತೇ ಗೊತ್ತಾಯಿತು.

ಬರೆದು ನೋಡದೆ ಇದು ತಿಳಿಯುವುದಿಲ್ಲ. ಕೂತು ಎದ್ದಾಗ ನೆನಪಿನಲ್ಲಿ ಉಳಿಯುವುದು 'ಇವತ್ತೂ ಆಗಲಿಲ್ಲ' ಎಂಬ ಒಂದು ಮಂಕು ಅನಿಸಿಕೆ ಮಾತ್ರ. ಯಾಕೆ ಆಗಲಿಲ್ಲ ಅನ್ನುವುದು ಅರ್ಧ ಗಂಟೆಯೊಳಗೆ ಮರೆತುಹೋಗಿರುತ್ತದೆ.

"ಕಾಲು ಜೋಮು ಹಿಡಿಯುತ್ತೆ, ಬೆನ್ನು ನೋಯುತ್ತೆ"

ಇದಕ್ಕೊಂದು ಸುಲಭ ಪರೀಕ್ಷೆ ಇದೆ. ಅದೇ ಜಾಗ, ಅದೇ ಭಂಗಿಯಲ್ಲಿ ಕೂತು ಹತ್ತು ನಿಮಿಷ ಏನಾದರೂ ಓದಿ. ಧ್ಯಾನ ಬೇಡ. ಆಗಲೂ ಕಾಲು ಜೋಮು ಹಿಡಿದರೆ, ಬೆನ್ನು ಎಳೆದರೆ, ದೋಷ ಭಂಗಿಯಲ್ಲಿದೆ. ಓದುವಾಗ ಏನೂ ಆಗದೆ, ಕಣ್ಣು ಮುಚ್ಚಿದಾಗ ಮಾತ್ರ ಮೈಯೆಲ್ಲ ಗಲಾಟೆ ಮಾಡಿದರೆ ಅದು ಚಡಪಡಿಕೆ. ಅದರ ವಿಷಯ ಮುಂದೆ ಬರುತ್ತದೆ.

ಭಂಗಿಯ ದೋಷ ಸಾಮಾನ್ಯವಾಗಿ ಒಂದೇ ಕಡೆ ಇರುತ್ತದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಾಗ ಮೊಣಕಾಲು ಸೊಂಟಕ್ಕಿಂತ ಮೇಲೆ ಎದ್ದು ನಿಂತಿದೆಯಾ ನೋಡಿ. ಹಾಗಿದ್ದರೆ ಸೊಂಟ ಹಿಂದಕ್ಕೆ ಬಾಗುತ್ತದೆ, ಬೆನ್ನು ಗೂನಾಗುತ್ತದೆ. ನೇರ ಕೂರಬೇಕೆಂದು ನೀವು ಬೆನ್ನಿನ ಸ್ನಾಯು ಬಿಗಿಹಿಡಿದು ಕೂರುತ್ತೀರಿ. ಐದು ನಿಮಿಷದಲ್ಲಿ ಅದು ಸೋಲುತ್ತದೆ. ಕುಂಡಿಯ ಕೆಳಗೆ ಗಟ್ಟಿಯಾದ ದಿಂಬೋ ಮಡಚಿದ ಕಂಬಳಿಯೋ ಇಟ್ಟು, ಮೊಣಕಾಲು ಸೊಂಟಕ್ಕಿಂತ ಕೆಳಗೆ ಇಳಿಯುವವರೆಗೆ ಎತ್ತರ ಮಾಡಿಕೊಳ್ಳಿ. ಮೆತ್ತನೆಯ ದಿಂಬು ಬೇಡ, ಅದು ಕೂತ ಕೂಡಲೇ ಕುಸಿಯುತ್ತದೆ. ಇಷ್ಟಾದರೂ ಆಗದಿದ್ದರೆ ಕುರ್ಚಿಯಲ್ಲಿ ಕೂರಿ, ಎರಡೂ ಪಾದ ನೆಲಕ್ಕೆ ತಾಗಲಿ. ಕುರ್ಚಿಯಲ್ಲಿ ಕೂತರೆ ಧ್ಯಾನದ ತೂಕ ಕಮ್ಮಿಯಾಗುವುದಿಲ್ಲ. ಪತಂಜಲಿ ಆಸನದ ಬಗ್ಗೆ ಕೇಳುವುದು ಎರಡೇ: ಸ್ಥಿರವಾಗಿರಬೇಕು, ಸುಖವಾಗಿರಬೇಕು. ಪದ್ಮಾಸನವೇ ಆಗಬೇಕು ಅಂತ ಆ ಸೂತ್ರದಲ್ಲಿಲ್ಲ.

ಜೋಮು ಹಿಡಿಯುವುದು ಮುಖ್ಯವಾಗಿ ನರದ ಮೇಲೆ ಒತ್ತಡ ಬಿದ್ದು. ಒತ್ತಡ ತೆಗೆದರೆ ಸರಿಹೋಗುತ್ತದೆ. ಆದರೆ ಜೋಮು ಹಿಡಿದ ಕಾಲಿನಲ್ಲಿ ತಟ್ಟನೆ ಎದ್ದು ನಡೆಯಬೇಡಿ, ಕಾಲು ಮಡಚಿಕೊಂಡು ಬೀಳಬಹುದು. ಸ್ಪರ್ಶ ವಾಪಸ್ ಬರುವವರೆಗೆ ಕೂತಲ್ಲೇ ಚಾಚಿ. ಮೊಣಕಾಲಲ್ಲಿ ಚುಚ್ಚಿದ ಹಾಗೆ ನೋವು ಬಂದರೆ ಸಹಿಸಿಕೊಳ್ಳಬೇಡಿ, ಆ ಕ್ಷಣವೇ ಭಂಗಿ ಬದಲಿಸಿ.

ತುರಿಕೆಗೆ ಬೇರೆ ಲೆಕ್ಕ. ಮೂಗಿನ ತುದಿ ತುರಿಸಿದರೆ ಕೈ ಎತ್ತುವ ಮೊದಲು ಮೂರು ಉಸಿರು ಕಾಯಿರಿ. ಅಷ್ಟರಲ್ಲಿ ಅದು ಮೂಗಿನಿಂದ ಕೆನ್ನೆಗೆ ಹೋಗಿರಬಹುದು, ಇಲ್ಲವೇ ಹೋಗಿಯೇಬಿಟ್ಟಿರಬಹುದು. ಇನ್ನೂ ಅಲ್ಲೇ ಇದ್ದರೆ ಆರಾಮಾಗಿ ತುರಿಸಿಕೊಳ್ಳಿ. ಅದೇನು ಅಪರಾಧವಲ್ಲ.

"ಕೂತರೆ ಸಾಕು, ತೂಕಡಿಕೆ"

ನಿದ್ದೆಯನ್ನು ಗುರುತು ಹಿಡಿಯುವುದು ಅಂದುಕೊಂಡಷ್ಟು ಸುಲಭ ಅಲ್ಲ. ತಲೆ ವಾಲುವುದು ಕೊನೆಯ ಹಂತ. ಅದಕ್ಕೂ ಮೊದಲು ಯೋಚನೆಗಳ ಧಾಟಿ ಬದಲಾಗುತ್ತದೆ. ನಾಳಿನ ಕೆಲಸ, ಯಾರೋ ಆಡಿದ ಮಾತು, ಇವಕ್ಕೆಲ್ಲ ತಲೆಬುಡ ಇರುತ್ತದೆ. ನಿದ್ದೆಯ ಅಂಚಿನಲ್ಲಿ ಬರುವುದಕ್ಕೆ ಇರುವುದಿಲ್ಲ. ಯಾವುದೋ ಗುರುತಿಲ್ಲದ ಮುಖ, ಅರ್ಧಕ್ಕೇ ನಿಂತ ವಾಕ್ಯ, ಮೆಟ್ಟಿಲು ತಪ್ಪಿ ಬಿದ್ದಂಥ ಜುಮ್ಮೆನಿಸುವಿಕೆ. ನನಗೊಮ್ಮೆ 'ಆ ಬಾಗಿಲಿಗೆ ಇನ್ನೂ ಸಂಬಳ ಕೊಟ್ಟಿಲ್ಲ' ಎಂಬ ಮಾತು ಬಹಳ ಗಂಭೀರವಾಗಿ ಹೊಳೆಯಿತು. ಇಂಥದ್ದು ಬಂದರೆ ಅದು ಗಮನದ ದೋಷ ಅಲ್ಲ. ನೀವು ಕನಸಿನ ಹೊಸ್ತಿಲ ಮೇಲೆ ಇದ್ದೀರಿ.

ಪರೀಕ್ಷೆ ಹೀಗೆ: ಚೆನ್ನಾಗಿ ನಿದ್ದೆ ಮಾಡಿದ ಒಂದು ದಿನ, ಬೇರೆ ಹೊತ್ತಿನಲ್ಲಿ ಕೂತು ನೋಡಿ. ತೂಕಡಿಕೆ ಬರಲಿಲ್ಲವೇ? ಹಾಗಿದ್ದರೆ ನಿಮಗೆ ಬೇಕಿರುವುದು ನಿದ್ದೆ. ಬೇಗ ಏಳಬೇಕೆಂದು ಅಲಾರಂ ಒಂದು ಗಂಟೆ ಹಿಂದಕ್ಕೆ ಇಟ್ಟು, ಮಲಗುವ ಹೊತ್ತು ಮಾತ್ರ ಬದಲಿಸದೆ, ಧ್ಯಾನದಲ್ಲಿ ನಿದ್ದೆ ಬರುತ್ತೆ ಅಂತ ದೂರುವವರು ಬಹಳ ಮಂದಿ. ನಾನೂ ಅವರಲ್ಲೊಬ್ಬ ಸದಸ್ಯ.

ನಿದ್ದೆ ಸಾಕಷ್ಟು ಆಗಿಯೂ ತೂಕಡಿಕೆ ಬಂದರೆ ಇವನ್ನು ನೋಡಿ. ಊಟ ಆದ ಕೂಡಲೇ ಕೂತಿದ್ದೀರಾ? ಗೋಡೆಗೆ ಒರಗಿದ್ದೀರಾ? ಕೋಣೆ ಬೆಚ್ಚಗಿದ್ದು, ಕತ್ತಲಾಗಿ, ಗಾಳಿಯಾಡದೆ ಇದೆಯಾ? ಅದು ನೀವು ದಿನಾ ಮಲಗುವ ಹಾಸಿಗೆಯೇ? ಒಂದೊಂದನ್ನೇ ಬದಲಿಸಿ. ಕಣ್ಣನ್ನು ಪೂರ್ತಿ ಮುಚ್ಚಬೇಕೆಂದೇನಿಲ್ಲ. ಅರ್ಧ ತೆರೆದು, ಒಂದು ಮೀಟರ್ ದೂರದ ನೆಲದ ಮೇಲೆ ದೃಷ್ಟಿ ಸುಮ್ಮನೆ ಇಳಿಸಿ. ಏನನ್ನೂ ದಿಟ್ಟಿಸಬೇಡಿ. ಅದೂ ಸಾಲದಿದ್ದರೆ ಎದ್ದು ನಿಂತು ಮಾಡಿ, ಇಲ್ಲವೇ ಹತ್ತು ಹೆಜ್ಜೆ ಜಾಗದಲ್ಲಿ ನಿಧಾನಕ್ಕೆ ನಡೆಯುತ್ತಾ ಅಂಗಾಲಿನ ಮೇಲೆ ಗಮನ ಇಡಿ. ನಡೆಯುವ ಧ್ಯಾನ ಬೌದ್ಧರಲ್ಲಿ ಹಿಂದಿನಿಂದಲೂ ಇದೆ. ಅದೇನೂ ರಿಯಾಯಿತಿಯಲ್ಲ.

"ಸದ್ದು, ಮೊಬೈಲು"

ಇದರಲ್ಲಿ ಹೇಳುವುದು ಕಮ್ಮಿ. ಮೊಬೈಲನ್ನೇ ಟೈಮರ್ ಮಾಡಿಕೊಂಡಿದ್ದರೆ ಅದು ಕೈಗೆ ಸಿಗದಷ್ಟು ದೂರ ಇರಲಿ, ನೋಟಿಫಿಕೇಶನ್ ಬಂದ್ ಆಗಿರಲಿ. ಗಂಟೆ ಕೇಳಿಸಿದರೆ ಸಾಕು. 'ಇನ್ನೆಷ್ಟು ನಿಮಿಷ?' ಎಂದು ಕಣ್ಣು ತೆರೆದು ನೋಡುವ ಚಟ ನಿಮಗಿದ್ದರೆ ಗಡಿಯಾರವನ್ನೂ ಬೆನ್ನ ಹಿಂದೆ ಇಡಿ.

ಸದ್ದಿನಲ್ಲಿ ಎರಡು ಜಾತಿ. ಫ್ಯಾನು, ಗಾಡಿ, ಮಳೆ ಇವುಗಳಿಗೆ ಅರ್ಥ ಇಲ್ಲ, ಸ್ವಲ್ಪ ಹೊತ್ತಿಗೆ ಕಿವಿಗೆ ಒಗ್ಗಿಹೋಗುತ್ತವೆ. ಪಕ್ಕದ ಕೋಣೆಯ ಮಾತು ಒಗ್ಗುವುದಿಲ್ಲ. ಅರ್ಥ ಆಗುವ ಭಾಷೆಯನ್ನು ಕೇಳಿಸಿಕೊಳ್ಳದೆ ಇರಲು ನಮಗೆ ಬರುವುದಿಲ್ಲ. ಮಾತು ಕೇಳುತ್ತಿದ್ದರೆ ಹೊತ್ತು ಬದಲಿಸಿ, ಇಲ್ಲವೇ ಫ್ಯಾನ್ ಹಾಕಿ ಮಾತನ್ನು ಮುಚ್ಚಿ. ಎರಡೂ ಆಗದಿದ್ದರೆ ಆ ದಿನ ಉಸಿರನ್ನು ಬಿಟ್ಟು ಸದ್ದನ್ನೇ ಹಿಡಿಯಿರಿ. ಹತ್ತಿರದ್ದು, ದೂರದ್ದು, ಏರುವುದು, ನಿಲ್ಲುವುದು, ಅಷ್ಟನ್ನೇ ಕೇಳಿ. ಅಡ್ಡಿಯಾಗಿದ್ದದ್ದೇ ಆವತ್ತಿನ ಕೆಲಸ ಆಗುತ್ತದೆ.

"ಬಾಕಿ ಕೆಲಸ ಎಲ್ಲ ಆಗಲೇ ನೆನಪಾಗುತ್ತೆ"

ಪುಸ್ತಕದಲ್ಲಿ 'ಕೆಲಸ' ಎಂದು ಜಾಸ್ತಿ ಬಂದಿದ್ದರೆ ಕೂರುವ ಮೊದಲು ಎರಡು ನಿಮಿಷ ಪೆನ್ನು ಹಿಡಿಯಿರಿ. ಬಾಕಿ ಇರುವುದನ್ನು ಬರೆಯಿರಿ. ಬರೀ ಹೆಸರು ಸಾಲದು, ಯಾವಾಗ ಮಾಡುತ್ತೀರಿ ಅನ್ನುವುದೂ ಇರಲಿ. 'ಬಿಲ್' ಎಂದು ಬರೆದರೆ ಅದು ಮತ್ತೆ ಬಂದು ಭುಜ ತಟ್ಟುತ್ತದೆ. 'ಬಿಲ್, ಇವತ್ತು ಹನ್ನೊಂದಕ್ಕೆ' ಎಂದು ಬರೆದರೆ ಸುಮ್ಮನಾಗುತ್ತದೆ. 2011ರಲ್ಲಿ ಮಸಿಕಾಂಪೊ ಮತ್ತು ಬಾಮೈಸ್ಟರ್ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗಗಳಲ್ಲೂ ಕಂಡದ್ದು ಇದೇ: ಮುಗಿಯದ ಕೆಲಸ ತಲೆ ತಿನ್ನುವುದು ನಿಲ್ಲಬೇಕಾದರೆ ಅದು ಮುಗಿಯಲೇಬೇಕೆಂದಿಲ್ಲ, ಎಲ್ಲಿ ಹೇಗೆ ಮಾಡುವುದು ಎಂಬ ಗಟ್ಟಿ ಯೋಜನೆ ಇದ್ದರೂ ಸಾಕು.

ಇದರದ್ದೇ ಒಂದು ವೇಷ ಇದೆ, ಅದಕ್ಕೆ ನಾನು ತುಂಬಾ ಸಲ ಮೋಸ ಹೋಗಿದ್ದೇನೆ. ಎಂಟನೇ ನಿಮಿಷಕ್ಕೆ ಒಂದು ಭಾರೀ ಐಡಿಯಾ ಹೊಳೆಯುತ್ತದೆ. ಈಗಲೇ ಬರೆದಿಡದಿದ್ದರೆ ಕಳೆದೇ ಹೋಗುತ್ತದೆ ಅನ್ನಿಸುತ್ತದೆ. ಒಂದು ದಿನ ಹಾಗೇ ಎದ್ದು ಹೋಗಿ ಚೀಟಿಯಲ್ಲಿ ಬರೆದಿಟ್ಟು ಬಂದೆ. ಮರುದಿನ ಆ ಚೀಟಿಯಲ್ಲಿ ಇದ್ದದ್ದು 'ಮೇಜಿನ ಎಡಗಡೆ' ಅಂತ. ಯಾವ ಮೇಜು, ಎಡಗಡೆ ಏನು, ಇವತ್ತಿಗೂ ಗೊತ್ತಿಲ್ಲ. ಆಮೇಲೆ ನಾನು ಎದ್ದಿಲ್ಲ. ನಿಜಕ್ಕೂ ಬೆಲೆ ಇರುವ ಯೋಚನೆ ಆದರೆ ಎದ್ದ ಮೇಲೂ ಇರುತ್ತದೆ.

"ಒಂದೇ ವಿಷಯ ಸುತ್ತಿ ಸುತ್ತಿ ಬರುತ್ತೆ"

ಜಗಳ, ಅವಮಾನ, ಆಡಬೇಕಿತ್ತು ಅನ್ನಿಸುವ ಮಾತು. ಇಲ್ಲಿ ಎಲ್ಲರೂ ಮಾಡುವ ರಿಪೇರಿ ಒಂದೇ: 'ಅದನ್ನು ಯೋಚಿಸಬಾರದು.' ಇದೇ ದೋಷವನ್ನು ಹೆಚ್ಚು ಮಾಡುತ್ತದೆ. 1987ರಲ್ಲಿ ಡೇನಿಯಲ್ ವೆಗ್ನರ್ ಮತ್ತು ಜೊತೆಗಾರರು ಕೆಲವರಿಗೆ ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದರು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ ಕರಡಿಯನ್ನು ನೆನೆಯಲು ಬಿಟ್ಟಾಗ, ಮೊದಲಿನಿಂದಲೇ ನೆನೆಯಲು ಬಿಟ್ಟಿದ್ದವರಿಗಿಂತ ಇವರಿಗೇ ಕರಡಿ ಜಾಸ್ತಿ ಬಂತು. ಯಾವುದನ್ನು ದೂಡಬೇಕೋ ಅದು ಬಂತಾ ಬಂತಾ ಎಂದು ಮನಸ್ಸಿನ ಒಂದು ಮೂಲೆ ಕಾಯುತ್ತಲೇ ಇರುತ್ತದೆ. ಅದಕ್ಕೇ ಅದು ಬರುತ್ತದೆ.

ದೂಡುವ ಬದಲು ಹೆಸರಿಡಿ. ಬೌದ್ಧ ಪರಂಪರೆಯಲ್ಲಿ ಧ್ಯಾನಕ್ಕೆ ಐದು ನೀವರಣ, ಅಂದರೆ ಅಡ್ಡಿ, ಹೇಳುತ್ತಾರೆ: ಬೇಕು ಅನ್ನುವ ಆಸೆ, ಸಿಟ್ಟು, ಜಡತೆ, ಚಡಪಡಿಕೆ ಮತ್ತು ಮಾಡಿದ್ದಕ್ಕೆ ಕೊರಗು, ಕೊನೆಗೆ ಅನುಮಾನ. ನಾನು ನೋಡಿದ ದೋಷ ಪಟ್ಟಿಗಳಲ್ಲಿ ಇಷ್ಟು ಚಿಕ್ಕದಾಗಿ ಇಷ್ಟು ಕೆಲಸಕ್ಕೆ ಬರುವುದು ಇನ್ನೊಂದಿಲ್ಲ. ವಾದದ ನೆನಪು ಬಂದಾಗ ಕಥೆಯ ಒಳಗೆ ಹೋಗದೆ 'ಸಿಟ್ಟು' ಎಂದು ಒಂದು ಸಲ ಮೆತ್ತಗೆ ಅಂದುಕೊಳ್ಳಿ. ಆಮೇಲೆ ಅದು ಮೈಯಲ್ಲಿ ಎಲ್ಲಿದೆ ನೋಡಿ. ನನಗೆ ದವಡೆಯಲ್ಲಿ ಇರುತ್ತದೆ, ಹಲ್ಲು ಕಚ್ಚಿಕೊಂಡಿರುತ್ತೇನೆ. ದವಡೆ ಸಡಿಲ ಬಿಟ್ಟರೆ ಕಥೆಗೆ ಅರ್ಧ ಕಸುವು ಹೋಗುತ್ತದೆ. ಪೂರ್ತಿ ಹೋಗುವುದಿಲ್ಲ. ಮತ್ತೆ ಬರುತ್ತದೆ, ಮತ್ತೆ 'ಸಿಟ್ಟು'.

ಐದನೆಯದು, ಅನುಮಾನ, ವೇಷ ಹಾಕುವುದರಲ್ಲಿ ನಿಸ್ಸೀಮ. 'ಬೇರೆ ಪದ್ಧತಿ ಚೆನ್ನಾಗಿರಬಹುದಾ?' 'ಮಂತ್ರ ಹಿಡಿಯಬೇಕಿತ್ತಾ?' ಇವು ಬುದ್ಧಿವಂತ ಪ್ರಶ್ನೆಗಳಂತೆ ಕಾಣುತ್ತವೆ. ಕೂತಿರುವಾಗ ಬಂದರೆ ಇವೂ ಬರೀ ಓಟ. ಎದ್ದ ಮೇಲೆ ಕೇಳಿಕೊಳ್ಳಿ, ಆಗ ಉತ್ತರ ಹುಡುಕಬಹುದು.

"ಎಣಿಕೆ ಅದರ ಪಾಡಿಗೆ ಓಡುತ್ತೆ, ನಾನು ಎಲ್ಲೋ ಇರ್ತೀನಿ"

ಈಗ ನನ್ನ ಹದಿನೇಳಕ್ಕೆ ಬರೋಣ. ಎಣಿಸುವುದು ಚಿಕ್ಕಂದಿನಿಂದ ರೂಢಿಯಾದ ಕೆಲಸ. ಅದಕ್ಕೆ ನಾವು ಬೇಕಾಗಿಯೇ ಇಲ್ಲ, ತಾನಾಗಿಯೇ ನಡೆಯುತ್ತದೆ. ಹಾಗಾಗಿ ಅಂಕಿ ತಪ್ಪದೆ ಹೋಗುತ್ತಿದೆ ಅಂದ ಮಾತ್ರಕ್ಕೆ ಗಮನ ಇದೆ ಎಂದು ಹೇಳಲು ಬರುವುದಿಲ್ಲ.

ಒಂದು ಲೆಕ್ಕ ಹಾಕಿ ನೋಡಿ. ಸುಮ್ಮನೆ ಕೂತ ದೊಡ್ಡವರು ನಿಮಿಷಕ್ಕೆ ಸುಮಾರು 12ರಿಂದ 20 ಸಲ ಉಸಿರಾಡುತ್ತಾರೆ. ಹತ್ತು ನಿಮಿಷಕ್ಕೆ 120ರಿಂದ 200. ಹತ್ತತ್ತು ಎಣಿಸಿದರೆ 12ರಿಂದ 20 ಸುತ್ತು ಆಗಬೇಕು. ನಿಮಗೆ ನಾಲ್ಕೇ ಸುತ್ತು ಆಗಿದ್ದರೆ ಯೋಚನೆ ಬೇಡ. ನಡುನಡುವೆ ಕಳೆದುಹೋಗಿದ್ದೀರಿ, ವಾಪಸ್ ಬಂದಿದ್ದೀರಿ. ನಲವತ್ತು ಸುತ್ತು ಆಗಿದ್ದರೆ ಮಾತ್ರ ಯೋಚಿಸಬೇಕು, ಯಾಕೆಂದರೆ ನಿಮ್ಮ ಎಣಿಕೆ ಉಸಿರಿಗೆ ಕಾಯುತ್ತಲೇ ಇಲ್ಲ. ಆದರೆ ಸುತ್ತು ಎಣಿಸುವುದನ್ನು ದಿನಾ ಮಾಡಬೇಡಿ. ಪರೀಕ್ಷೆಗೆ ಒಂದು ದಿನ ಸಾಕು.

ಇದಕ್ಕೆ ಮದ್ದು ಎಣಿಕೆಯನ್ನು ಸ್ವಲ್ಪ ಒರಟು ಮಾಡುವುದು. ಉಸಿರು ಪೂರ್ತಿ ಹೊರಗೆ ಹೋಗಿ ಮುಗಿದ ಮೇಲೆಯೇ ಅಂಕಿ ಹೇಳಿ, ಮೊದಲೇ ಅಲ್ಲ. ಅಂಕಿ ಉಸಿರಿನ ಬಾಲ ಆಗಬೇಕು, ಮೂಗುದಾರ ಆಗಬಾರದು. ಅದೂ ರೂಢಿಯಾಗಿ ಜಾರಲು ಶುರುವಾದರೆ ಹತ್ತರಿಂದ ಒಂದಕ್ಕೆ ಇಳಿಯಿರಿ. ಇಲ್ಲವೇ ಐದಕ್ಕೇ ನಿಲ್ಲಿಸಿ, ದಾಟಿದರೆ ಬೇಗ ಸಿಕ್ಕಿಬೀಳುತ್ತದೆ. ಎಣಿಕೆ ತಪ್ಪಿದರೆ ಎಲ್ಲಿಗೆ ತಪ್ಪಿತು ಎಂದು ಹುಡುಕಬೇಡಿ. ಒಂದರಿಂದ ಶುರು ಮಾಡಿ. 'ಆರೋ ಏಳೋ ಇತ್ತು' ಎಂದು ಹುಡುಕುತ್ತಾ ಕೂತರೆ ಅದೇ ಇನ್ನೊಂದು ಓಟ.

ಇದರ ಜೊತೆಗೇ ಬರುವ ಇನ್ನೊಂದು ದೋಷ: ಉಸಿರಿನ ಮೇಲೆ ಗಮನ ಇಟ್ಟ ಕೂಡಲೇ ಉಸಿರು ಸಹಜವಾಗಿ ಆಡುವುದಿಲ್ಲ. ಎದೆ ಬಿಗಿಯುತ್ತದೆ, ಉಸಿರು ಸಾಲದ ಹಾಗೆ ಅನ್ನಿಸುತ್ತದೆ, ಎದ್ದ ಮೇಲೆ ತಲೆ ಭಾರ. ನೀವು ಉಸಿರನ್ನು ನೋಡುತ್ತಿಲ್ಲ, ಓಡಿಸುತ್ತಿದ್ದೀರಿ. ಒಂದು ಸಲ ಉದ್ದಕ್ಕೆ ನಿಟ್ಟುಸಿರು ಬಿಡಿ. ಗಮನವನ್ನು ಮೂಗಿನಿಂದ ಹೊಟ್ಟೆಗೆ ಇಳಿಸಿ, ಅಂಗೈಯನ್ನು ಹೊಟ್ಟೆಯ ಮೇಲೆ ಇಟ್ಟು ಕೈ ಏರಿಳಿಯುವುದನ್ನಷ್ಟೇ ನೋಡಿ. ನಾಲ್ಕೈದು ದಿನ ಆದರೂ ಬಿಗಿತ ಹೋಗದಿದ್ದರೆ ಉಸಿರಿನ ಸಹವಾಸವೇ ಬೇಡ. ನೆಲಕ್ಕೆ ತಾಗಿರುವ ಪಾದ, ಸದ್ದು, ಮನಸ್ಸಿನಲ್ಲೇ ಹೇಳಿಕೊಳ್ಳುವ ಒಂದು ಪದ, ಯಾವುದಾದರೂ ಆದೀತು. ಉಸಿರು ಬರೀ ಗೂಟ. ಹಸು ಕಟ್ಟಲು ಬೇರೆ ಗೂಟವೂ ಆಗುತ್ತದೆ.

ಇನ್ನು ಒಳಗಿನ ಕಾಮೆಂಟರಿ. 'ಈಗ ಚೆನ್ನಾಗಿ ಆಗ್ತಿದೆ' ಎಂದು ಅನ್ನಿಸಿದ ಮರುಕ್ಷಣ ಅದು ಕೆಟ್ಟಿರುತ್ತದೆ, ಅಲ್ವಾ? ಇದಕ್ಕೆ ವಿಶೇಷ ಮದ್ದಿಲ್ಲ. ಅದೂ ಒಂದು ಯೋಚನೆ. ಒಂದು ಎಂದು ಮತ್ತೆ ಶುರು ಮಾಡಿ.

"ಕೂತಿರೋಕೇ ಆಗಲ್ಲ, ಎದ್ದು ಓಡಬೇಕು ಅನ್ನಿಸುತ್ತೆ"

2014ರಲ್ಲಿ ಟಿಮೊಥಿ ವಿಲ್ಸನ್ ಮತ್ತು ತಂಡ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಜನರನ್ನು 15 ನಿಮಿಷ ಒಬ್ಬೊಬ್ಬರನ್ನೇ ಖಾಲಿ ಕೋಣೆಯಲ್ಲಿ ಕೂರಿಸಿದರು. ಕೈಗೆ ಏನೂ ಕೊಡಲಿಲ್ಲ. ಬೇಕಿದ್ದರೆ ಒತ್ತಬಹುದಾದ ಒಂದು ಬಟನ್ ಮಾತ್ರ ಇತ್ತು, ಒತ್ತಿದರೆ ಸಣ್ಣ ಕರೆಂಟ್ ಶಾಕ್. 18 ಗಂಡಸರಲ್ಲಿ 12 ಜನ, 24 ಹೆಂಗಸರಲ್ಲಿ 6 ಜನ ಒಮ್ಮೆಯಾದರೂ ತಮಗೆ ತಾವೇ ಶಾಕ್ ಕೊಟ್ಟುಕೊಂಡರು! ನಿಮ್ಮ ಚಡಪಡಿಕೆ ನಿಮ್ಮೊಬ್ಬರದೇ ಅಲ್ಲ.

ಏಳಬೇಕು ಎಂಬ ತುರ್ತು ಬಂದಾಗ 'ಸರಿ, ಏಳೋಣ, ಇನ್ನು ಐದು ಉಸಿರು ಆದ ಮೇಲೆ' ಎಂದು ನಿಮಗೆ ನೀವೇ ಒಪ್ಪಿಗೆ ಕೊಡಿ. ಐದಾದ ಮೇಲೂ ತುರ್ತು ಇದ್ದರೆ ನಿಜವಾಗಿ ಏಳಿ, ಮೋಸ ಮಾಡಬೇಡಿ. ಬಹಳ ಸಲ ಮೂರನೇ ಉಸಿರಿಗೇ ಅದು ಇಳಿದಿರುತ್ತದೆ. ಕಾಫಿ ಕುಡಿದ ಕೂಡಲೇ ಕೂರುತ್ತಿದ್ದರೆ ಅದನ್ನು ಧ್ಯಾನ ಆದ ಮೇಲಕ್ಕೆ ತಳ್ಳಿ. ಕೂರುವ ಮೊದಲು ಐದು ನಿಮಿಷ ಜೋರಾಗಿ ನಡೆದಾಡಿದರೂ ಮೈಯ ಕಾವು ಇಳಿಯುತ್ತದೆ.

ರಿಪೇರಿ ಮಾಡಬೇಡಿ, ನಿಲ್ಲಿಸಿ

ಕೆಲವನ್ನು ಈ ಕೈಪಿಡಿಯಿಂದ ಸರಿ ಮಾಡಲು ಹೋಗಬಾರದು. ಕಣ್ಣು ಮುಚ್ಚಿದರೆ ಹಿಂದೆ ನಡೆದ ಭಯಾನಕ ಘಟನೆ ಕಣ್ಣಿಗೆ ಕಟ್ಟುತ್ತಿದ್ದರೆ, ಎದೆ ಹೊಡೆದುಕೊಂಡು ಉಸಿರು ಕಟ್ಟಿದಂತಾಗುತ್ತಿದ್ದರೆ, ಧ್ಯಾನ ಶುರು ಮಾಡಿದ ಮೇಲೆ ರಾತ್ರಿಗಟ್ಟಲೆ ನಿದ್ದೆ ಹೋಗಿದ್ದರೆ, ನಾನು ನಾನಲ್ಲ, ಸುತ್ತಲಿನದು ನಿಜ ಅಲ್ಲ ಎಂಬ ಅನಿಸಿಕೆ ಎದ್ದ ಮೇಲೂ ಉಳಿಯುತ್ತಿದ್ದರೆ ನಿಲ್ಲಿಸಿ. ಕಣ್ಣು ತೆರೆಯಿರಿ, ಎದ್ದು ಓಡಾಡಿ, ಯಾರ ಜೊತೆಗಾದರೂ ಮಾತಾಡಿ, ವೈದ್ಯರನ್ನು ಕಾಣಿ. ಹಿಂದೆ ಮನೋರೋಗಕ್ಕೆ ಚಿಕಿತ್ಸೆ ಪಡೆದವರು ಶುರು ಮಾಡುವ ಮೊದಲೇ ತಮ್ಮ ವೈದ್ಯರನ್ನು ಕೇಳುವುದು ಒಳ್ಳೆಯದು. 'ಮುಂದುವರಿಸಿ, ಎಲ್ಲ ಹೊರಗೆ ಬರುತ್ತಿದೆ' ಎಂದು ಯಾರು ಹೇಳಿದರೂ ಕೇಳಬೇಡಿ. ಅವರು ಎಷ್ಟೇ ದೊಡ್ಡವರಾಗಿರಲಿ.

"ನಾಲ್ಕು ದಿನ ಮಾಡ್ತೀನಿ, ಬಿಟ್ಟುಹೋಗುತ್ತೆ"

ಇದು ಕೂತಾಗಿನ ದೋಷ ಅಲ್ಲ, ಕೂರುವ ಮೊದಲಿನದು. 21 ದಿನ ಮಾಡಿದರೆ ಅಭ್ಯಾಸ ಆಗುತ್ತದೆ ಎಂಬ ಮಾತನ್ನು ನಂಬಿ, 22ನೇ ದಿನವೂ ಬೇಜಾರಾದಾಗ ಕೈಬಿಟ್ಟವರನ್ನು ಕಂಡಿದ್ದೇನೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಜೊತೆಗಾರರು 96 ಜನರನ್ನು ತೆಗೆದುಕೊಂಡು, ದಿನಕ್ಕೊಂದು ಹೊಸ ಕೆಲಸ ತಾನಾಗಿಯೇ ಆಗುವಷ್ಟು ರೂಢಿಯಾಗಲು ಎಷ್ಟು ದಿನ ಬೇಕು ಎಂದು ನೋಡಿದರು. ನಡುವಿನ ಲೆಕ್ಕ 66 ದಿನ. ಆದರೆ ಒಬ್ಬೊಬ್ಬರಿಗೂ ಒಂದೊಂದು: 18ರಿಂದ 254ರವರೆಗೆ. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ.

ಆದ್ದರಿಂದ ತಪ್ಪಿದ ದಿನಕ್ಕೆ ಮರುದಿನ ಡಬಲ್ ಕೂತು ದಂಡ ಕಟ್ಟಬೇಡಿ. ಮಾಮೂಲಿ ಹೊತ್ತಿಗೆ ಮಾಮೂಲಿಯಷ್ಟೇ ಕೂತುಕೊಳ್ಳಿ. ಅರ್ಧ ಗಂಟೆ ಎಂದು ಶುರು ಮಾಡಿದ್ದರೆ ಐದು ನಿಮಿಷಕ್ಕೆ ಇಳಿಸಿ. ಮುಖ ತೊಳೆದ ಮೇಲೆ, ಹಲ್ಲುಜ್ಜಿದ ಮೇಲೆ ಎಂದು ಈಗಾಗಲೇ ದಿನಾ ತಪ್ಪದೆ ಮಾಡುವ ಒಂದು ಕೆಲಸದ ಬಾಲಕ್ಕೆ ಅದನ್ನು ಕಟ್ಟಿ. 'ಬೆಳಿಗ್ಗೆ ಯಾವಾಗಲಾದರೂ' ಅನ್ನುವ ಹೊತ್ತು ಬರುವುದೇ ಇಲ್ಲ.

ಇನ್ನೊಂದು ಮಾತು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಐದು ದಿನ ಹಾಗೇ ನೋಡಿ. ದಿಂಬು, ಹೊತ್ತು, ಎಣಿಕೆ ಮೂರನ್ನೂ ಒಂದೇ ದಿನ ಬದಲಿಸಿದರೆ, ಸರಿಹೋದರೂ ಯಾವುದರಿಂದ ಅಂತ ತಿಳಿಯುವುದಿಲ್ಲ. ಮತ್ತೆ ಕೆಟ್ಟಾಗ ಎಲ್ಲಿ ಹುಡುಕುವುದು? ಕೆಡುವುದಂತೂ ಕೆಡುತ್ತದೆ, ಜ್ವರ ಬಂದಾಗ, ಪ್ರಯಾಣದಲ್ಲಿ, ಮನೆ ತುಂಬಾ ಜನ ಇದ್ದಾಗ. ಆಗ ಆ ಚಿಕ್ಕ ಪುಸ್ತಕ ತೆಗೆದು ಮತ್ತೆ ಮೈಯಿಂದ ಶುರು ಮಾಡಿ.

ನನ್ನ ಪುಸ್ತಕ ಈಗ ನಾಲ್ಕನೆಯದು. ಇವತ್ತು ಬೆಳಗಿನ ಸಾಲು: 'ಕಾಲು ಸರಿ. ಮಾತು, ಎರಡು ಸಲ. ಹದಿಮೂರರಲ್ಲಿ ಸಿಕ್ಕಿಬಿದ್ದೆ.'